ಮೊದಲ ವೀಳ್ಯ

"ಈ ವೀಳ್ಯ ನಾ ಮುಟ್ಟಂಗಿಲ್ಲ ಕಣೋ ನಾಗಯ್ಯ" ಎಂದು ಹುಂಡಿ ಎಂಬ ಆ ಪುಟ್ಟ ಊರಿನ ಯಜಮಾನ ಮಲ್ಲಯ್ಯ ಎರಡೂ ಕೈಗಳನ್ನು ಟವಲ್ಲಿನೊಳಗೆ ಅಡಗಿಸಿಕೊಂಡ. "ನಾಲೆ ದಾಟಿ ಒಂಟೋದ್ರಿ. ಓದ ವರ್ಸ ನಿಮ್ದೇ ಮಾರಿಗುಡೀನೂ ಕಟ್ಕಂಡ್ರಿ. ಈಗ ನಾನ್ಯಾವ ಸೀಮೆ ಯಜಮಾನ ನಿಮ್ಗೆ? ದೊಡ್ಡೂರ್ಗೇ ಕೊಡೋಗು."

ನಾಗಯ್ಯ ದೊಡ್ಡೂರಿನಿಂದಲೇ ಈಗಷ್ಟೇ ಬಂದಿದ್ದ. ಅಲ್ಲಿನ ಯಜಮಾನರು ಕಾಫಿ ಕೊಟ್ಟು, ಮಗಳು ಗೌತಮಿಯ ಮದುವೆ ಸುಖವಾಗಿ ಆಗಲಿ ಎಂದು ಬಾಯ್ತುಂಬ ಹರಸಿ, ವೀಳ್ಯದ ತಟ್ಟೆಯನ್ನು ಮಾತ್ರ ಹಾಗೇ ಹಿಂದಕ್ಕೆ ತಳ್ಳಿದ್ದರು. "ನಮ್ಮೂರಿಂದ ಒಡ್ದು ಓದದ್ದು ಹುಂಡಿ. ಹುಂಡಿಯಿಂದ ಒಡ್ದು ಓದೋರು ನೀವು. ಅವ್ರ ಬುಟ್ಟು ನಾ ಇಸ್ಕಂಡ್ರೆ ಸುಮ್ಕಿದ್ದಾರಾ?"

ನಾಳೆ ಬೆಳಿಗ್ಗೆ ಚಪ್ಪರ. ಯಜಮಾನ ಮೊದಲ ವೀಳ್ಯ ತೆಗೆದುಕೊಳ್ಳದೆ ಕುಲದವರು ಯಾರೂ ಚಪ್ಪರಕ್ಕೆ ಗುಳಿ ತೋಡುವುದಿಲ್ಲ, ಮದುವೆಮನೆಯಲ್ಲಿ ಊಟಕ್ಕೂ ಕೂರುವುದಿಲ್ಲ. ಹುಲ್ಲಹಳ್ಳಿಯಿಂದ ತಂದ ಎಲೆ ಆಗಲೇ ಬಾಡತೊಡಗಿತ್ತು.

ನಾಗಯ್ಯನಿಗೆ ತಲೆ ಕೆಟ್ಟು ಕೆರ ಹಿಡಿಯಿತು. ಹುಂಡಿಯಲ್ಲಿ ಜಾಗ ಸಾಲದೆ ಹನ್ನೆರಡು ವರ್ಷದ ಹಿಂದೆ ನಾಲೆಯಾಚೆ ಮೊದಲು ಮನೆ ಕಟ್ಟಿದವನು ಅವನೇ. ಈಗ ಅಲ್ಲಿ ಹದಿನಾಲ್ಕು ಮನೆ. ರೇಷನ್ನಿಗೆ ಹುಂಡಿ, ವೋಟಿಗೆ ದೊಡ್ಡೂರು, ಹೆಣ ಹೂಳಲು ಮತ್ತೆ ಹುಂಡಿ. ದೇವರೊಂದು ಹತ್ತಿರವಿರಲಿ ಎಂದು ಗುಡಿ ಕಟ್ಟಿದ್ದಕ್ಕೆ ಇಷ್ಟೆಲ್ಲ! ಕಟ್ಟಿದ್ದು ತಪ್ಪೋ, ಕಟ್ಟಿದ ಮೇಲೂ ತಟ್ಟೆ ಹಿಡಿದು ಬಂದದ್ದು ತಪ್ಪೋ ಅವನಿಗೆ ಬಗೆಹರಿಯಲಿಲ್ಲ.

ಮನೆಗೆ ಬಂದಾಗ ಹೆಂಡತಿ ಕೆಂಪಾಜಮ್ಮ ಅಂಗಳದ ಬಾಳೆಬುಡದಲ್ಲಿ ಕಂದು ಕೀಳುತ್ತಿದ್ದಳು.

"ಇಸ್ಕಂಡ್ರಾ?"

"ಇಲ್ಲ."

"ಇಬ್ರೂವೆ?"

"ಇಬ್ರೂವೆ."

"ಅಂಗಾರೆ ನಾವು ಯಾವೂರೋರು?"

"ನಂಗೇನ್ ಗೊತ್ತಮ್ಮಿ?" ಎಂದು ನಾಗಯ್ಯ ರೇಗಿದ. ಮೆಹಂದಿ ಹಚ್ಚಿದ ಕೈಗಳನ್ನು ಚಾಚಿಕೊಂಡು ಬಾಗಿಲಲ್ಲಿ ನಿಂತಿದ್ದ ಗೌತಮಿಯ ಮುಖ ಸಣ್ಣದಾಯಿತು. ಅದನ್ನು ನೋಡಿ ಅವನಿಗೆ ಅಳುವೇ ಬಂತು.

ಅಷ್ಟರಲ್ಲಿ ಚಿಕ್ಕಮಾದು ಬಂದ. ಹದಿನಾಲ್ಕು ಮನೆಯ ನಡುವೆ ಜಾಗ ಸಿಗದೆ ಹಿಂದಿನ ದಿಬ್ಬದ ಮೇಲೆ ಹೊಸದಾಗಿ ಶೀಟು ಹೊದಿಸಿ ಮನೆ ಮಾಡಿಕೊಂಡಿದ್ದ ಮೂವರಲ್ಲಿ ಅವನೊಬ್ಬ. ಮಿಂದು, ಬಿಳಿ ಷರಟು ತೊಟ್ಟಿದ್ದ. ಕೈಯಲ್ಲಿ ತಟ್ಟೆ; ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ.

"ಅಣ್ಣೋ, ಬರೋ ಸ್ವಾಮಾರ ನಮ್ಮ ಒಸ ಮನೆ ಒಕ್ಲು" ಎಂದು ಸಂಕೋಚದಿಂದ ಬಗ್ಗಿದ. "ಮೊದ್ಲ ವೀಳ್ಯ ಇಸ್ಕಳಿ. ದಿಬ್ಬದ್ಮ್ಯಾಗಳ ಮೂರು ಮನೆಗೂ ಯಜಮಾನ್ರು ನೀವೇ ಅಲ್ವರಾ?"

ನಾಗಯ್ಯ ಹೆಂಡತಿಯತ್ತ ನೋಡಿದ. ಅವಳು ಕೈಯ ಮಣ್ಣು ಕೊಡವುವುದನ್ನೂ ಮರೆತು ನಿಂತಿದ್ದಳು. ನಾಗಯ್ಯನ ಎರಡೂ ಕೈಗಳಲ್ಲಿ ಯಾರೂ ಮುಟ್ಟದ ತನ್ನ ತಟ್ಟೆ ಇನ್ನೂ ಹಾಗೇ ಇತ್ತು. ಅದನ್ನು ಎಲ್ಲಿ ಇಡಬೇಕೆಂದು ಅವನು ಅಂಗಳದ ಸುತ್ತ ನೋಡಿದ.