ಮಿಸ್ ವರ್ಲೀನಳ ಕೈ

ಮರಿಸೋಲ್ ಬಸ್ಸಿನ ಕೊನೆಯ ಮೆಟ್ಟಿಲವರೆಗೆ ಬಂದವಳು ಕೆಳಗಿಳಿಯಲಿಲ್ಲ. ಶಾಲಾ ಬಸ್ಸಿನ ಕೆಂಪು ದೀಪಗಳು ಮಿನುಗುತ್ತಿದ್ದವು, ಎರಡೂ ಕಡೆಯ ಗಾಡಿಗಳಿಗೆ ‘ನಿಲ್ಲಿ’ ಎನ್ನುವ ಫಲಕ ಪಕ್ಕಕ್ಕೆ ಚಾಚಿಕೊಂಡಿತ್ತು. ಎದುರಿನಿಂದ ಬಂದ ಬಿಳಿ ಕಾರು ಬಲು ಸಭ್ಯವಾಗಿ ದೂರದಲ್ಲೇ ನಿಂತಿತ್ತು. ಅದರ ಚಾಲಕನ ಸೀಟಿನಲ್ಲಿ ಯಾರೂ ಇರಲಿಲ್ಲ; ತನ್ನಷ್ಟಕ್ಕೆ ತಾನೇ ಓಡುವ ಕಾರು ಅದು.

ಟೆಕ್ಸಾಸಿನ ಆ ಊರಿನಲ್ಲಿ ವರ್ಲೀನ್ ಇಪ್ಪತ್ತೆರಡು ವರ್ಷದಿಂದ ಬಸ್ಸು ಓಡಿಸುತ್ತಿದ್ದಳು. ಕಾರು ನಿಂತರೆ ಅವಳಿಗೆ ಸಾಲದು; ಒಳಗಿದ್ದವರ ಕಣ್ಣು ತನ್ನ ಕಣ್ಣಿಗೆ ಸಿಗಬೇಕು, ಆಮೇಲೆಯೇ ಕೈ ಎತ್ತುವಳು. ಕೈ ಎತ್ತಿದರೆ ಮಕ್ಕಳು ರಸ್ತೆ ದಾಟಬೇಕು, ಹಾರ್ನ್ ಹೊಡೆದರೆ ಹಿಂದಕ್ಕೆ ಓಡಬೇಕು. ನನ್ನ ಕೈ ಬಾ ಎಂದರೆ ನಿಮಗೇನೂ ಆಗುವುದಿಲ್ಲ ಎಂದು ಶಾಲೆ ಶುರುವಾಗುವ ಪ್ರತಿ ಆಗಸ್ಟಿನಲ್ಲಿ ಹೊಸ ಮಕ್ಕಳಿಗೆ ಮಾತು ಕೊಡುತ್ತಿದ್ದಳು.

ಕಳೆದ ಗುರುವಾರ ಇದೇ ಜಾಗದಲ್ಲಿ ಇಂಥದೇ ಕಾರು ನಿಂತಿತ್ತು. ಹುಡುಕಿದರೂ ಕಣ್ಣು ಸಿಗಲಿಲ್ಲ. ನಿಂತಿದೆಯಲ್ಲ, ಇನ್ನೇನು ಎಂದುಕೊಂಡು ಕೈ ಎತ್ತಿಬಿಟ್ಟಳು. ಮರಿಸೋಲ್ ನಡುರಸ್ತೆಗೆ ಬಂದಾಗ ಕಾರಿಗೆ ಅದೇನು ನೆನಪಾಯಿತೋ, ಹೊರಟೇಬಿಟ್ಟಿತು. ವರ್ಲೀನ್ ಹೊಡೆದ ಹಾರ್ನ್ ಕೇಳಿ ಹುಡುಗಿ ಹಿಂದಕ್ಕೆ ಜಿಗಿದಳು. ಅವಳ ಊಟದ ಡಬ್ಬಿ ಚಕ್ರದಡಿ ಅಪ್ಪಚ್ಚಿಯಾಯಿತು.

ಶುಕ್ರವಾರ ಅವಳ ತಾಯಿ ಕೆಲಸಕ್ಕೆ ರಜೆ ಹಾಕಿ ಬಂದು ಎತ್ತಿಕೊಂಡು ಹೋಗಿದ್ದಳು. ದಿನಾ ರಜೆ ಯಾರು ಕೊಡುತ್ತಾರೆ? ಇಂದು ಆಚೆ ಬದಿಯಲ್ಲಿ ಅವಳ ಅಜ್ಜಿಯೊಬ್ಬಳೇ ಗಾಲಿಕುರ್ಚಿಯಲ್ಲಿ ಕಾಯುತ್ತಿದ್ದಳು.

“ಇಳಿ ಕಂದಾ. ನನ್ ಕೈ ನೋಡು, ಸಾಕು.”

“ಅವತ್ತೂ ನಿಮ್ ಕೈ ಬಾ ಅಂತು, ಮಿಸ್ ವರ್ಲೀನ್.”

ಆರು ವರ್ಷದ ಹುಡುಗಿಯ ದನಿಯಲ್ಲಿ ಕೋಪವಿರಲಿಲ್ಲ. ವರ್ಲೀನಳಿಗೆ ಅದೇ ಚುಚ್ಚಿತು.

ಮಕ್ಕಳು ಒಳಗಿರುವಾಗ ಸೀಟು ಬಿಟ್ಟಿಳಿದ ಚಾಲಕರನ್ನು ಕೆಲಸದಿಂದ ತೆಗೆಯುತ್ತಿದ್ದರು. ಹೋದ ವರ್ಷ ಒಬ್ಬಳ ಗತಿ ಹಾಗೇ ಆಗಿತ್ತು. ವರ್ಲೀನಳ ಪಿಂಚಣಿಗೆ ಇನ್ನು ಮೂರು ವರ್ಷವಿತ್ತು. ಅವಳು ವೈರ್‌ಲೆಸ್ಸಿನಲ್ಲಿ ಡಿಪೋದ ಮೇಲ್ವಿಚಾರಕ ರಾಯ್ಸ್‌ನಿಗೆ ತಾನು ಇಳಿಯುವುದಾಗಿ ಹೇಳಿದಳು. ಕಂಪನಿಯವರು ಕಾರುಗಳಿಗೆಲ್ಲ ಹೊಸದಾಗಿ ಪಾಠ ಕಲಿಸಿದ್ದಾರಂತೆ, ಇನ್ನು ಹಾಗಾಗುವುದಿಲ್ಲವಂತೆ ಎಂದು ಅವನು ಸಮಾಧಾನ ಹೇಳಿದ.

“ಸೀಟ್ ಬಿಡ್ಬೇಡ ಕಣಮ್ಮ. ತಲೆ ಮೇಲೆ ಕ್ಯಾಮೆರಾ ನೋಡ್ತಾ ಇರತ್ತೆ.”

“ನೋಡ್ಲಿ ಬಿಡು. ಅದಾದ್ರೂ ನೋಡ್ಲಿ.”

ಬ್ರೇಕ್ ಹಾಕಿ, ಕೀಲಿಯನ್ನು ಜೇಬಿಗಿಳಿಸಿ, ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿದಳು. ಒಳಗೆ ಗಲಾಟೆ ಮಾಡುತ್ತಿದ್ದ ಮಕ್ಕಳು ಕಿಟಕಿಗಳಿಗೆ ಮುಗಿಬಿದ್ದವು. ಮರಿಸೋಲ್ ಅವಳ ಎರಡು ಬೆರಳು ಹಿಡಿದುಕೊಂಡಳು. ಹಿಂದೆ ಬಸ್ಸಿನ ಸೀಟು ಖಾಲಿ, ಎದುರು ಕಾರಿನ ಸೀಟು ಖಾಲಿ. ನಡುವೆ ಇಬ್ಬರೂ ಓಡದೆ, ನಡೆದೇ ದಾಟಿದರು. ಅಜ್ಜಿ ಮೊಮ್ಮಗಳ ತಲೆ ಸವರಿದಳು.

ವರ್ಲೀನ್ ವಾಪಸಾಗಲು ತಿರುಗಿದಳು.

“ಇರಿ,” ಎಂದಳು ಮರಿಸೋಲ್.

ಹುಡುಗಿ ರಸ್ತೆಯಂಚಿಗೆ ಬಂದು, ಕಾರಿನ ಗಾಜನ್ನು ದಿಟ್ಟಿಸಿ ನೋಡಿದಳು. ಬಹಳ ಹೊತ್ತು ನೋಡಿದಳು. ಹಿಂದಿನ ಗಾಡಿಗಳು ಹಾರ್ನ್ ಹೊಡೆಯತೊಡಗಿದವು. ವರ್ಲೀನ್ ಆ ಪುಟ್ಟ ಕೈ ಮೇಲೇಳುವವರೆಗೂ ಅಲ್ಲೇ ಕಾಯುತ್ತ ನಿಂತಳು.