ಹಿಂದಿನ ಸಾಲಿನ ಅಳಿಯ

ಅಳಿಯನಾಗುವವನನ್ನು ಕೆಲಸ ಮಾಡುವಾಗಲೇ ನೋಡಬೇಕು ಎಂಬುದು ಬೇಕರಿ ಯಜಮಾನರ ಹಠ. ದೊಡ್ಡ ಅಳಿಯ ಹಲ್ಲಿನ ಡಾಕ್ಟರ್. ಅವನ ಕೈಗುಣ ನೋಡಲು ಯಜಮಾನರು ಗಟ್ಟಿಮುಟ್ಟಾದ ಕೋರೆಹಲ್ಲೊಂದನ್ನು ಕೀಳಿಸಿಕೊಂಡು ಬಂದಿದ್ದರು. "ನೋವೇ ಆಗ್ಲಿಲ್ಲ, ಹುಡುಗ ಒಳ್ಳೇವ್ನು" ಎಂದು ಊದಿದ ಕೆನ್ನೆಯಲ್ಲೇ ಒಪ್ಪಿಗೆ ಕೊಟ್ಟಿದ್ದರು.

ಈಗ ಕಿರಿಮಗಳ ಸರದಿ. ಅವಳು ಮೆಚ್ಚಿದ ಹುಡುಗ ನಗರದ ಸಿಂಫನಿ ವಾದ್ಯವೃಂದದಲ್ಲಿದ್ದ. ಹಾಗಾಗಿ ಅಪ್ಪ, ಅಮ್ಮ, ಮಗಳು ಮೂವರೂ ಸಿಂಫನಿ ಸಭಾಂಗಣಕ್ಕೆ ಬಂದು ಕೂತರು. ಬೆಣ್ಣೆ ಸವರಿದಂತೆ ಹೊಳೆಯುವ ಮರದ ಗೋಡೆ, ಮಖಮಲ್ಲಿನ ಕುರ್ಚಿ, ಕೆಮ್ಮಿದರೂ ತಿರುಗಿ ನೋಡುವ ಜನ.

"ಎಲ್ಲೇ ಅವ್ನು?"

"ಹಿಂದಿನ ಸಾಲು, ಬಲಗಡೆ ಕೊನೆ. ದೊಡ್ಡ ಹಿತ್ತಾಳೆ ತಾಳ ಇಟ್ಕೊಂಡಿದಾರಲ್ಲ, ಅವ್ರೇ."

ಮುಂದಿನ ಸಾಲಿನ ಪಿಟೀಲಿನವರು ತೋಳು ಕಳಚಿ ಬೀಳುವ ಹಾಗೆ ಉಜ್ಜುತ್ತಿದ್ದರು. ಕಹಳೆಯವರ ಕೆನ್ನೆ ಬನ್ನಿನಂತೆ ಉಬ್ಬಿತ್ತು. ಹುಡುಗ ಮಾತ್ರ ಮಡಿಲಲ್ಲಿ ಕೈಯಿಟ್ಟು ಬಸ್ಸಿಗೆ ಕಾಯುವವನಂತೆ ಕೂತಿದ್ದ.

"ಇವ್ನು ಕೆಲ್ಸಕ್ಕೆ ಬಂದಿದಾನೋ, ನಮ್ಮ ಥರ ಟಿಕೆಟ್ ತಗೊಂಡು ಬಂದಿದಾನೋ?"

"ಸ್ವಲ್ಪ ತಾಳಿ ಅಪ್ಪಾ."

"ತಾಳಿ ವಿಷಯ ಆಮೇಲೆ. ಮೊದ್ಲು ಕೈ ಅಲ್ಲಾಡಿಸ್ಲಿ."

"ಕೊನೇಲಿ ಒಂದ್ಸಲ ಹೊಡೀತಾರೆ."

"ಒಂದೇ ಸಲಾನಾ? ನಮ್ಮ ಬೇಕರಿ ಬೆಕ್ಕೂ ಇದಕ್ಕಿಂತ ಜಾಸ್ತಿ ದುಡಿಯುತ್ತೆ. ಈ ಸಂಬಂಧ ಬೇಡ."

ಸಿಟ್ಟಿನಿಂದ ಮುಚ್ಚಿದ ಕಣ್ಣಿಗೆ ನಿದ್ದೆ ಬಂತು. ಗೊರಕೆ ಪಿಟೀಲುಗಳ ಜೊತೆ ಜುಗಲ್‌ಬಂದಿಗೆ ಇಳಿಯಿತು.

"ಅಮ್ಮಾ, ಎಬ್ಸು! ಆ ಒಂದು ಏಟೂ ತಪ್ಪಿಹೋದ್ರೆ ನನ್ನ ಕಥೆ ಮುಗೀತು" ಎಂದು ಮಗಳು ಅಳುಮುಖ ಮಾಡಿದಳು.

ಅಮ್ಮ ತಿವಿದರು, ಚಿವುಟಿದರು. ಊಹೂಂ. "ಇವ್ರನ್ನ ಎಬ್ಬಿಸಿ ಎಬ್ಬಿಸಿ ನನ್ನ ಆಯಸ್ಸೇ ಸವೀತು ಕಣೇ."

ಅಷ್ಟರಲ್ಲಿ ಹುಡುಗ ಎದ್ದು ನಿಂತ. ತಾಳ ಎತ್ತಿದ.

ಝಣ್!

ಯಜಮಾನರು ಸ್ಪ್ರಿಂಗಿನಂತೆ ಚಿಮ್ಮಿ ನಿಂತರು. ವಾದ್ಯಗಳೆಲ್ಲ ನಿಂತು ಸೂಜಿ ಬಿದ್ದರೂ ಕೇಳುವಂತಿದ್ದಾಗ ಅವರ ಬೇಕರಿ ದನಿ ಛಾವಣಿ ಮುಟ್ಟಿತು: "ಯಾವನೋ ಅವ್ನು ಟ್ರೇ ಬೀಳಿಸಿದ್ದು?"

ಇಡೀ ಸಭಾಂಗಣ ಇತ್ತ ತಿರುಗಿತು. ಮಗಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ಕಾರ್ಯಕ್ರಮ ಮುಗಿದ ಮೇಲೆ ಹುಡುಗ ಹೊರಗೆ ಬಂದು ಯಜಮಾನರ ಮುಂದೆ ಕೈಕಟ್ಟಿ ನಿಂತ. "ಟ್ರೇ ಬೀಳಿಸಿದ್ದು ನಾನೇ ಸಾರ್."

ಯಜಮಾನರಿಗೆ ಉಕ್ಕಿ ಬಂದ ನಗು ತಡೆಯುವುದೇ ಕಷ್ಟವಾಯಿತು. "ಅಷ್ಟು ಹೊತ್ತು ಸುಮ್ನೆ ಕೂರೋಕೆ ಬೇಜಾರಾಗಲ್ವೇನಯ್ಯಾ?"

"ಭಯ ಆಗುತ್ತೆ ಸಾರ್. ಒಂಚೂರು ಮೊದ್ಲೇ ಹೊಡೆದ್ರೂ, ಆಗ ಎಲ್ರೂ ನಿಮ್ಮನ್ನ ತಿರುಗಿ ನೋಡಿದ್ರಲ್ಲ, ಹಾಗೇ ನನ್ನನ್ನ ನೋಡ್ತಾರೆ."

ಅಮ್ಮ ಇನ್ನು ಕಾಯಲಿಲ್ಲ. "ಮತ್ತಿನ್ನೇನ್ರೀ ಯೋಚ್ನೆ? ಮದುವೆಯಾದಾಗಿಂದ ನನ್ನ ಕೈಲಾಗದ್ದನ್ನ ಹುಡುಗ ಒಂದೇ ಏಟಿಗೆ ಮಾಡಿ ತೋರಿಸ್ದ. ನಂಗಂತೂ ಇವ್ನೇ ಅಳಿಯ."

ಯಜಮಾನರು ಕೋರೆಹಲ್ಲಿನ ಸಂದಿ ಕಾಣುವಂತೆ ನಕ್ಕರು. "ಆಯ್ತಪ್ಪಾ. ಆದ್ರೆ ನಮ್ಮನೆಗೆ ಬರೋವಾಗ ಆ ತಾಳಗಳ್ನ ಇಲ್ಲೇ ಬಿಟ್ಟು ಬರ್ಬೇಕು."

"ಬಿಡ್ಬೇಡ ಕಣಪ್ಪಾ" ಎಂದು ಅತ್ತೆ ಆಗಲೇ ಅಳಿಯನ ಕಿವಿಯಲ್ಲಿ ಪಿಸುಗುಡುತ್ತಿದ್ದರು, "ನಂಗೂ ಒಂದು ಜೊತೆ ತಂದ್ಕೊಡು."