ಮೂರನೇ ಬಹುಮಾನ

ನೆರೆದೇಶದ ಸಂಗೀತ ಸ್ಪರ್ಧೆಯ ಅಂತಿಮ ಸುತ್ತಿಗೆ ಇನ್ನೇನು ಕರೆ ಬರಬೇಕು, ಅಷ್ಟರಲ್ಲಿ ತೀರ್ಪುಗಾರರ ಅಧ್ಯಕ್ಷರೇ ವೇದಿಕೆಯ ಹಿಂದಿನ ಕೋಣೆಗೆ ಬಂದರು. ಮನೆಯವರೆಲ್ಲ ಗುಬ್ಬಿ ಎಂದು ಕರೆಯುವ ಹುಡುಗಿ ಪಿಟೀಲಿನ ಶ್ರುತಿ ನೋಡಿಕೊಳ್ಳುತ್ತಿದ್ದಳು. ಜೊತೆಗೆ ಪಿಯಾನೋ ನುಡಿಸಲು ಬಂದಿದ್ದ ಅವಳ ಅಕ್ಕ ಅಂಗೈ ಉಜ್ಜಿಕೊಳ್ಳುತ್ತಾ ಕುಳಿತಿದ್ದಳು.

ಅಧ್ಯಕ್ಷರು ಬಾಗಿಲು ಮುಂದೆ ಮಾಡಿದರು. "ಮೊದಲೇ ಹೇಳಿಬಿಡ್ತೀನಮ್ಮ, ಆಮೇಲೆ ನೊಂದ್ಕೋಬೇಡ. ಚಿನ್ನದ ಪದಕ ಹಾಕೋರು ನಮ್ಮ ಮಂತ್ರಿಗಳು. ಗಡೀಲಿ ಗುಂಡು ಹಾರ್ತಿರೋವಾಗ ನಿಮ್ಮ ದೇಶದವಳ ಕೊರಳಿಗೆ ಅವರು ಹಾಕಲ್ಲ. ಮೂರನೇದಾದ್ರೂ ಕೊಡಿಸ್ತೀನಿ."

"ನಾನಿನ್ನೂ ನುಡಿಸೇ ಇಲ್ವಲ್ಲ ಸಾರ್."

"ನುಡಿಸು. ಚೆನ್ನಾಗೇ ನುಡಿಸು," ಎಂದು ಮುಖ ನೋಡದೆ ಹೊರಟರು.

"ಕೋಣನ ಮುಂದೆ ಕಿನ್ನರಿ ಅಂತಾರೆ," ಎಂದಳು ಅಕ್ಕ. "ಈ ಕೋಣಗಳಿಗೆ ಕಿನ್ನರಿ ಚೆನ್ನಾಗೇ ಅರ್ಥ ಆಗುತ್ತೆ ಕಣೇ. ಅದೇ ಸಂಕಟ. ನಡಿ, ಹೋಗೋಣ ಮನೆಗೆ."

ಗುಬ್ಬಿ ಹೋಗಲಿಲ್ಲ. ಹಟ ಹಿಡಿದವಳ ಹಾಗೆ ನುಡಿಸಿದಳು. ಶತ್ರುದೇಶದ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆದರೂ ಅವಳಿಗೆ ಬಂದದ್ದು ಮೂರನೇ ಬಹುಮಾನವೇ. ಚಿನ್ನ ಆ ಊರಿನ ಯುವಕನೊಬ್ಬನ ಪಾಲಾಯಿತು. ಅವನು ಮೆಟ್ಟಿಲ ಬಳಿ ಅವಳನ್ನು ತಡೆದು ಪದಕ ಬಿಚ್ಚಲು ಹೋದ. "ಇದು ನಿಮ್ಮದು. ನನಗೆ ಗೊತ್ತು."

"ಬೇಡಪ್ಪ. ನೀನೂ ಚೆನ್ನಾಗೇ ನುಡಿಸಿದೆ. ತಪ್ಪು ನಿನ್ನದಲ್ಲ," ಎಂದು ಅವನ ಕೈ ಹಿಡಿದಳು ಗುಬ್ಬಿ.

ತಾಯ್ನಾಡಿನಲ್ಲಿ ವಿಮಾನ ಇಳಿಯುವಷ್ಟರಲ್ಲಿ ಸಂಸ್ಕೃತಿ ಇಲಾಖೆಯ ಅಧಿಕಾರಿ ಹೂಗುಚ್ಛ ಹಿಡಿದು ಕಾದಿದ್ದ. ನೇರ ಟೀವಿ ಸ್ಟುಡಿಯೋಗೇ ಕರೆದೊಯ್ದ. "ಮೋಸ ಆಯ್ತು ಅಂತ ಹೇಳಮ್ಮ. ದೇಶವೇ ನಿನ್ನ ಹಿಂದಿದೆ."

ಮೋಸ ಆಗಿದ್ದು ನಿಜವೇ. ಕ್ಯಾಮೆರಾ ಎದುರು ಗುಬ್ಬಿ ನಿಧಾನವಾಗಿ ಹೇಳಿದಳು: "ಮೋಸ ಆಯಿತು. ತೀರ್ಪುಗಾರರು ಮೊದಲೇ ತೀರ್ಮಾನ ಮಾಡಿದ್ದರು. ಆದರೆ ಗೆದ್ದ ಹುಡುಗ ಒಳ್ಳೆಯ ಕಲಾವಿದ. ಅಲ್ಲಿಯ ಜನ ಎದ್ದು ನಿಂತು ನನ್ನನ್ನು ಗೌರವಿಸಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ."

ಸಂಜೆಯ ವಾರ್ತೆಯಲ್ಲಿ ಮೊದಲೆರಡು ಮಾತು ಮಾತ್ರ ಬಂತು. ಬೆನ್ನಿಗೇ ಆ ಯುವಕ ಪದಕ ಹಾಕಿಕೊಂಡು ನಗುವ ಚಿತ್ರ, ಅದರ ಮೇಲೆ 'ಕಳ್ಳ' ಎಂಬ ಕೆಂಪಕ್ಷರ. ಅದಾದ ಮೇಲೆ ಗಡಿಯತ್ತ ಸಾಗುವ ಟ್ಯಾಂಕುಗಳು.

ಗುಬ್ಬಿ ಇಲಾಖೆಗೆ ಓಡಿದಳು. "ಪೂರ್ತಿ ತೋರಿಸಿ, ಇಲ್ಲಾಂದ್ರೆ ನಾನೇ ಪತ್ರಿಕೆಯವರ ಹತ್ತಿರ ಹೋಗ್ತೀನಿ."

ಅಧಿಕಾರಿ ಬೇಸರಪಟ್ಟುಕೊಂಡ. "ನಿನ್ನನ್ನ ಹೊತ್ತು ಮೆರೆಸ್ತಿದ್ದೀವಿ, ಅದು ಬೇಡ್ವಾ ನಿಂಗೆ?"

ಅವಳು ಪತ್ರಿಕೆಗಳ ಬಾಗಿಲು ತಟ್ಟಿದಳು. ಯಾರೂ ಒಂದಕ್ಷರ ಅಚ್ಚು ಹಾಕಲಿಲ್ಲ. ಸರ್ಕಾರಿ ವಾದ್ಯವೃಂದದಲ್ಲಿ ಅವಳ ಕುರ್ಚಿಗೆ ಬೇರೊಬ್ಬರು ಬಂದರು. ಪಿಟೀಲು ವಾದ್ಯವೃಂದದ್ದೇ ಆಗಿದ್ದರಿಂದ ಅದನ್ನೂ ಒಪ್ಪಿಸಬೇಕಾಯಿತು. ಹೋಗಲಿ ಎಂದು ಆ ಯುವಕನಿಗೆ ಫೋನ್ ಮಾಡಿ ನಿಜ ಹೇಳೋಣವೆಂದರೆ ಎರಡು ದೇಶಗಳ ನಡುವಿನ ಸಂಪರ್ಕವೇ ಕಡಿದುಹೋಗಿತ್ತು.

"ಆ ವಾರ್ತೇನ ಅವನು ನಂಬಲ್ಲ ಬಿಡೇ," ಎಂದಳು ಅಕ್ಕ.

"ನಂಬ್ತಾನೆ ಅಕ್ಕ. ನನ್ನ ಬಾಯಿಂದಲೇ ಬಂದಿದೆಯಲ್ಲ."

ಅಕ್ಕ ತಂಗಿಯ ತಲೆಯನ್ನು ತನ್ನ ತೊಡೆಗೆ ಎಳೆದುಕೊಂಡಳು.